ಟ್ರಾನ್ಸ್‌ಫಾರ್ಮರ್ ಒಳಗೆ ಇಳಿದ ಆಂಟಿ

ಮೈಸೂರಿನಿಂದ ಅಂಕಲ್ ಫೋನ್ ಮಾಡಿದ್ದರು. ಆಂಟಿ ತೀರಿಕೊಂಡು, ಹದಿಮೂರು ದಿನದ ಕಾರ್ಯವೂ ಮುಗಿದಿತ್ತು. "ನೀನು ಅವಳ ಜೊತೆ ಕೆಲಸ ಮಾಡಿದವಳು. ಏನಾದರೂ ಬರೆದು ಕಳಿಸಮ್ಮಾ. ಇಷ್ಟು ವರ್ಷ ಸಂಸಾರ ಮಾಡಿದೆ, ಅವಳು ಆಫೀಸಿನಲ್ಲಿ ಏನು ಮಾಡ್ತಿದ್ದಳು ಅಂತ ನನಗೆ ಸರಿಯಾಗಿ ಗೊತ್ತೇ ಇಲ್ಲ. ಕೇಳಿದರೆ 'ಎಣ್ಣೆ ನೋಡ್ಕೊಂಡು ಬಂದೆ' ಅಂತಿದ್ದಳು, ಅಷ್ಟೇ" ಎಂದರು.

ಅಂಕಲ್ ಓದಲಿ ಎಂದು ಬರೆಯುತ್ತಿದ್ದೇನೆ. ಆಂಟಿಯ ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ಎಲ್ಲಿಯಾದರೂ ದೊಡ್ಡದಾಗಿ ಬರೆದರೆ ಅವರಿಗೆ ಕಸಿವಿಸಿಯಾಗುತ್ತಿತ್ತು. ಕೋಣೆಯ ಬಾಗಿಲಿಗೆ ಕಚೇರಿಯವರು ಹೊಡೆದಿದ್ದ ಹಿತ್ತಾಳೆಯ ಫಲಕವನ್ನು ಬಿಚ್ಚಿಸಿ, ಆ ಜಾಗದಲ್ಲಿ 'ಚಪ್ಪಲಿ ಒರೆಸಿ ಒಳಗೆ ಬನ್ನಿ' ಎಂದು ಹಿಂದಿಯಲ್ಲಿ ಬರೆಸಿ ಹಾಕಿದ್ದರು.

ನಾನು ಹುಟ್ಟಿ ಬೆಳೆದದ್ದು ದಿಲ್ಲಿಯಲ್ಲೇ. ಅಪ್ಪ ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಗುಮಾಸ್ತರು. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ, ಎರಡು ಬ್ಲಾಕ್ ಆಚೆ ಆಂಟಿಯ ಮನೆ. ಎರಡು ಸಾವಿರದ ಮೊದಲ ವರ್ಷಗಳಲ್ಲಿ ನಾನು ಎಂಜಿನಿಯರಿಂಗ್ ಮುಗಿಸಿ ವಿದ್ಯುತ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಾಗ, ಓಖ್ಲಾದ ಕಾರ್ಖಾನೆಗಳ ನಡುವೆ ಇದ್ದ ಸಬ್‌ಸ್ಟೇಷನ್ನಿಗೆ ಹಾಕಿದರು. ಅಲ್ಲಿ ಟ್ರಾನ್ಸ್‌ಫಾರ್ಮರುಗಳ ಉಸ್ತುವಾರಿ ಆಂಟಿಯದು. ಅಲ್ಲಿಯವರೆಗೆ ನನಗೆ ಅವರು ಯುಗಾದಿಗೆ ಒಬ್ಬಟ್ಟು ತಂದುಕೊಡುವ ನಮ್ಮ ಕಾಲೋನಿಯ ಆಂಟಿ. ಮೊದಲ ದಿನ ಬೆಳಿಗ್ಗೆ ಮನೆಯ ಮುಂದೆ ಕೈನೆಟಿಕ್ ಸ್ಕೂಟರ್ ನಿಲ್ಲಿಸಿ, "ಹತ್ತು. ಗೇಟಿನ ತನಕ ಆಂಟಿ ಅನ್ನು. ಗೇಟ್ ದಾಟಿದ ಮೇಲೆ ಮೇಡಂ" ಎಂದರು. ಆ ಒಪ್ಪಂದ ಆರು ವರ್ಷ ನಡೆಯಿತು.

ಐದು ಅಡಿಗೂ ಕಡಿಮೆ ಎತ್ತರ. ಮನೆಯಲ್ಲಿ ಸೀರೆ, ಕೆಲಸಕ್ಕೆ ಸಲ್ವಾರ್ ಕಮೀಜ್, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ. ಹೆಗಲ ಚೀಲದಲ್ಲಿ ಮೊಸರನ್ನದ ಡಬ್ಬಿಯ ಪಕ್ಕದಲ್ಲಿ ಟಾರ್ಚು, ಸ್ಕ್ರೂಡ್ರೈವರು, ಒಂದು ಹಳೆಯ ಬನಿಯನ್ನಿನ ತುಂಡು. ಆ ತುಂಡಿನಿಂದ ಟ್ರಾನ್ಸ್‌ಫಾರ್ಮರಿನ ಮೈಯನ್ನು ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಣ್ಣೆ ಜಿನುಗಿದ್ದರೆ ಅಲ್ಲೇ ತಿಳಿಯುತ್ತಿತ್ತು. ಸ್ಕೂಟರಿನಲ್ಲಿ ಅವರ ಹಿಂದೆ ಕೂತರೆ ನನಗೆ ಬರುತ್ತಿದ್ದದ್ದು ಆ ಎಣ್ಣೆಯದೇ ವಾಸನೆ.

ಅವರು ಹುಟ್ಟಿದ್ದು ಶಿವನಸಮುದ್ರದ ವಿದ್ಯುದಾಗಾರದ ಕ್ವಾರ್ಟರ್ಸಿನಲ್ಲಿ. ಅವರ ತಂದೆ ಅಲ್ಲಿ ಆಪರೇಟರ್. ಆ ಜಾಗವನ್ನು ಸುತ್ತಲಿನವರು ಬ್ಲಫ್ ಎಂದೇ ಕರೆಯುತ್ತಿದ್ದರಂತೆ. "ನಾನು ಬ್ಲಫ್‌ನವಳು, ಆದರೆ ಬ್ಲಫ್ ಹೊಡೆಯಲ್ಲ" ಎಂದು ತಾವೇ ಹೇಳಿ ತಾವೇ ನಗುತ್ತಿದ್ದರು. ದೇಶದ ಎಷ್ಟೋ ಊರುಗಳು ಸೀಮೆಎಣ್ಣೆ ದೀಪದಲ್ಲಿದ್ದಾಗ ಕಾವೇರಿಯ ನೀರು ಕೋಲಾರದ ಗಣಿಗೆ ಕರೆಂಟು ಕಳಿಸಿತು ಎನ್ನುವುದನ್ನು, ತಮ್ಮ ಮನೆಯಲ್ಲೇ ನಡೆದ ಮದುವೆಯ ಸುದ್ದಿಯ ಹಾಗೆ ಸರ್ದಾರ್ಜಿಗಳಿಗೂ ಬಿಹಾರಿಗಳಿಗೂ ಬಿಡದೆ ಹೇಳುತ್ತಿದ್ದರು.

ನನ್ನ ಕನ್ನಡ ಆಗ ಅಡುಗೆಮನೆಯ ಕನ್ನಡ. ಅರ್ಥವಾಗುತ್ತಿತ್ತು, ಎರಡು ವಾಕ್ಯ ಆಡಿದರೆ ಮೂರನೆಯದು ಹಿಂದಿಗೆ ಜಾರುತ್ತಿತ್ತು. ಅವರು ಏನಾದರೂ ಹೇಳಿಕೊಟ್ಟ ಮೇಲೆ, "ಈಗ ಇದನ್ನ ಕನ್ನಡದಲ್ಲಿ ನನಗೆ ಹೇಳು" ಎನ್ನುತ್ತಿದ್ದರು.

"ಮೇಡಂ, ಟೆಕ್ನಿಕಲ್ ಹೈ, ಕನ್ನಡ ಮೇಂ ಕೈಸೇ..."

"ಇಂಗ್ಲಿಷಿನಲ್ಲಿ ಪುಸ್ತಕದ ಮಾತು ಒಪ್ಪಿಸಿಬಿಡ್ತೀಯ. ಕನ್ನಡದಲ್ಲಿ ಹೇಳಬೇಕಾದರೆ ಅರ್ಥ ಆಗಿರಬೇಕು. ನಿಮ್ಮಮ್ಮನಿಗೆ ಹೇಳ್ತಾ ಇದೀಯ ಅಂದುಕೋ."

ಅವರ ಮೇಜಿನ ಮೇಲೆ ಅಂಗೈಯಗಲದ ಕಬ್ಬಿಣದ ಬಳೆಯೊಂದು ಇತ್ತು. ಅದರ ಒಂದು ಬದಿಗೆ ತಾಮ್ರದ ತಂತಿಯ ಒಂದು ಸುರುಳಿ, ಇನ್ನೊಂದು ಬದಿಗೆ ಇನ್ನೊಂದು. ತಂತಿಯ ಸುತ್ತುಗಳು ಒಂದಕ್ಕೊಂದು ತಾಗದಂತೆ ನಡುವೆ ಹಳೆಯ ಹತ್ತಿ ಸೀರೆಯ ಪಟ್ಟಿ. ಹೊಸದಾಗಿ ಬಂದವರನ್ನೆಲ್ಲ ಕೂರಿಸಿ, ಮೊದಲ ಸುರುಳಿಗೆ ಬ್ಯಾಟರಿ ಮುಟ್ಟಿಸುತ್ತಿದ್ದರು. ಎರಡನೆಯ ಸುರುಳಿಗೆ ಜೋಡಿಸಿದ ಮೀಟರಿನ ಮುಳ್ಳು ಒಮ್ಮೆ ಬೆಚ್ಚಿ ಮತ್ತೆ ಸುಮ್ಮನಾಗುತ್ತಿತ್ತು. "ನೂರೆಪ್ಪತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಮನುಷ್ಯ ಹೀಗೇ ಮಾಡಿ ನೋಡಿದ. ಅವನು ಕಾಲೇಜಿಗೆ ಹೋದವನಲ್ಲ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು. ಒಂದು ತಂತಿ ಇನ್ನೊಂದನ್ನ ಮುಟ್ಟಿಲ್ಲ, ಆದರೂ ಇಲ್ಲಿ ಆದದ್ದು ಅಲ್ಲಿಗೆ ಗೊತ್ತಾಯ್ತು. ಹೊರಗೆ ನಿಂತಿದೆಯಲ್ಲ ನಮ್ಮ ಟ್ರಾನ್ಸ್‌ಫಾರ್ಮರ್, ಇದು ಅದರ ಅಜ್ಜಿ" ಎನ್ನುತ್ತಿದ್ದರು. ಆಮೇಲೆ ಸೀರೆಯ ಪಟ್ಟಿಯನ್ನು ಬೆರಳಿನಿಂದ ತಟ್ಟಿ, "ಅವನು ಬಟ್ಟೆ ಸುತ್ತಿದ. ನಾವು ಕಾಗದ ಸುತ್ತುತ್ತೇವೆ. ಕಬ್ಬಿಣಕ್ಕೂ ತಾಮ್ರಕ್ಕೂ ಬೇಗ ವಯಸ್ಸಾಗಲ್ಲ, ಕಾಗದಕ್ಕೆ ಆಗುತ್ತೆ. ಆ ಕಾಗದ ಕಾಯೋದೇ ನಮ್ಮ ಕೆಲಸ" ಎನ್ನುತ್ತಿದ್ದರು. ಈಗ ನಾನು ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಆ ಬಳೆ ನನ್ನ ಹತ್ತಿರವೇ ಇದೆ. ಇಂದಿಗೂ ಮುಳ್ಳು ಬೆಚ್ಚಿದಾಗ ಹಿಂದಿನ ಬೆಂಚಿನವರು ಎದ್ದು ನಿಲ್ಲುತ್ತಾರೆ.

ಸಬ್‌ಸ್ಟೇಷನ್ನಿನಲ್ಲಿ ಇದ್ದದ್ದು ಎರಡು ಟ್ರಾನ್ಸ್‌ಫಾರ್ಮರು. ಅದರಲ್ಲಿ ಒಂದು, ನಾನು ಹುಟ್ಟುವ ಎಷ್ಟೋ ಮೊದಲು ಹಡಗಿನಲ್ಲಿ ಬಂದದ್ದು. ಅದರ ಮೇಲೆ ಅವರ ನಿಗಾ ಹೆಚ್ಚು. ಆರು ತಿಂಗಳಿಗೊಮ್ಮೆ ಅದರ ಎಣ್ಣೆಯನ್ನು ದೊಡ್ಡ ಗಾಜಿನ ಸಿರಿಂಜಿನಲ್ಲಿ ಎಳೆದು ಪರೀಕ್ಷೆಗೆ ಕಳಿಸಬೇಕು. ಒಳಗೆ ಎಲ್ಲಾದರೂ ಬಿಸಿ ಏರುತ್ತಿದ್ದರೆ, ಕಿಡಿ ಹಾರುತ್ತಿದ್ದರೆ, ಆ ಎಣ್ಣೆಯಲ್ಲಿ ಕೆಲವು ಅನಿಲಗಳು ಕರಗಿರುತ್ತವೆ. ಅವುಗಳಲ್ಲಿ ಅಸಿಟಿಲೀನ್ ಕಂಡರೆ ಕಿಡಿಯೇ ಎಂದು ಅರ್ಥ. ನಮ್ಮಮ್ಮನಿಗೆ ನಾನು ಹೇಳಿದ್ದು, ರಕ್ತ ಪರೀಕ್ಷೆ ಇದ್ದ ಹಾಗೆ ಎಂದು.

ನಾನು ಸೇರಿದ ಮೊದಲ ಚಳಿಗಾಲ. ಎಣ್ಣೆ ತೆಗೆಯುವ ಕೆಲಸ ನನಗೆ ಬಂತು. ಫಿಟ್ಟರ್ ರಾಮ್‌ಫಲ್ ಹಿಂದೊಮ್ಮೆ ದೂರದಿಂದ ಕೈ ತೋರಿಸಿ "ವಾಲ್ವ್ ಉಧರ್ ಹೈ" ಎಂದಿದ್ದ. ಆವತ್ತು ಅವನು ರಜೆಯಲ್ಲಿದ್ದ. ನಾನೊಬ್ಬಳೇ ಹೋದೆ, ಒಂದು ವಾಲ್ವ್ ಕಂಡಿತು, ಎಣ್ಣೆ ಎಳೆದೆ, ಕಳಿಸಿದೆ. ವರದಿ ಬಂದಾಗ ಅಸಿಟಿಲೀನ್ ಹೆದರಿಸುವಷ್ಟಿತ್ತು. ಮೇಡಂ ಅರ್ಧ ಗಂಟೆಯೊಳಗೆ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿದರು. ಎರಡು ದಿನ ಓಖ್ಲಾದ ಅರ್ಧ ಭಾಗಕ್ಕೆ ಸರದಿಯ ಮೇಲೆ ಕರೆಂಟು. ಒಂದು ಕಾರ್ಖಾನೆಯ ಮಾಲು ಹಡಗು ತಪ್ಪಿಸಿಕೊಂಡಿತು, ದೂರು ಮೇಲಿನವರೆಗೆ ಹೋಯಿತು. ಎರಡನೆಯ ಸಲ ಅವರೇ ತೆಗೆದು ಕಳಿಸಿದ ಎಣ್ಣೆಯಲ್ಲಿ ಏನೂ ಇರಲಿಲ್ಲ.

ವರದಿ ಓದಿ ಮುಗಿಸಿ ಅವರು ನನ್ನನ್ನು ಹೊರಗೆ ಕರೆದುಕೊಂಡು ಹೋದರು. "ಎಲ್ಲಿಂದ ತೆಗೆದೆ, ತೋರಿಸು."

ತೋರಿಸಿದೆ. ಅದು ಟ್ಯಾಪ್ ಚೇಂಜರಿನ ವಾಲ್ವ್. ವೋಲ್ಟೇಜು ಏರಿಸಿ ಇಳಿಸುವ ಆ ಭಾಗಕ್ಕೆ ಅದರದೇ ಬೇರೆ ಎಣ್ಣೆ. ಅಲ್ಲಿ ಕಿಡಿ ಹಾರುವುದೇ ಅದರ ಕೆಲಸ. ನಾನು ಆರೋಗ್ಯವಂತನ ಬದಲು ಬೇರೆ ಯಾರದೋ ರಕ್ತ ಕಳಿಸಿದ್ದೆ.

"ಚೀಫ್ ಎಂಜಿನಿಯರ್ ಸಾಹೇಬರ ಹತ್ತಿರ ಹೋಗಿ ನಾನೇ ಹೇಳ್ತೀನಿ ಮೇಡಂ" ಎಂದೆ.

"ನಿಲ್ಲು. ಸ್ಯಾಂಪಲ್ ತೆಗೆಯೋದು ನಿನಗೆ ತೋರಿಸಿದ್ದು ಯಾರು?"

"ರಾಮ್‌ಫಲ್."

"ತೋರಿಸಬೇಕಾಗಿದ್ದು ಯಾರು?"

ಉತ್ತರವನ್ನೂ ಅವರೇ ಹೇಳಿದರು.

"ನಾನು. ಆದ್ದರಿಂದ ಆ ತಪ್ಪು ನಂದು, ಅದನ್ನ ನಾನು ಹೇಳ್ತೀನಿ. ನಿನ್ನ ತಪ್ಪು ಬೇರೆ ಇದೆ. ಗೊತ್ತಿರಲಿಲ್ಲ, ಆದರೂ ಕೇಳಲಿಲ್ಲ. ಅದಕ್ಕೆ ಶಿಕ್ಷೆ ನಾಳೆಯಿಂದ."

ವಿಚಾರಣೆಯಲ್ಲಿ ನಾನು ಬಾಗಿಲ ಹೊರಗೆ ಕೂತಿದ್ದೆ. ಅವರ ದನಿ ಕೇಳಿಸಿತು: ಸ್ಯಾಂಪಲ್ ತಪ್ಪಾಗಿತ್ತು, ತೆಗೆಸಿದವಳು ನಾನು, ಹೊಣೆ ನನ್ನದು. ಯಾರು ತೆಗೆದರು ಎಂದು ಕೇಳಿದಾಗ ಅದೇ ಮೂರು ಮಾತನ್ನು ಮತ್ತೆ ಹೇಳಿದರು. ಆ ವರ್ಷ ಬರಬೇಕಿದ್ದ ಬಡ್ತಿ ಅವರಿಗೆ ಬರಲಿಲ್ಲ. ಕಚೇರಿಯಲ್ಲಿ 'ಗ್ಯಾಸ್ ಮೇಡಂ' ಎಂಬ ಹೆಸರು ಬಂತು. ಕ್ಯಾಂಟೀನಿನಲ್ಲಿ ಅವರು ಚಹಾ ತೆಗೆದುಕೊಳ್ಳುವಾಗ ಹಿಂದಿನಿಂದ ಯಾರೋ ಮೂಗು ಮುಚ್ಚಿ ನಗುತ್ತಿದ್ದರು. ಅವರಿಗೆ ಕೇಳಿಸುತ್ತಿತ್ತು. ಚಹಾಕ್ಕೆ ಸಕ್ಕರೆ ಕಲಕಿ, ಕುಡಿದು, ಲೋಟ ತೊಳೆದಿಟ್ಟು ಹೋಗುತ್ತಿದ್ದರು.

ನನ್ನ ಶಿಕ್ಷೆ ಬಣ್ಣ ಬಳಿಯುವುದು. ನಮ್ಮ ಸುಪರ್ದಿಯಲ್ಲಿದ್ದ ಹನ್ನೊಂದು ಸಬ್‌ಸ್ಟೇಷನ್ನಿನ ಎಲ್ಲ ಟ್ರಾನ್ಸ್‌ಫಾರ್ಮರುಗಳಲ್ಲೂ ಮುಖ್ಯ ತೊಟ್ಟಿಯ ವಾಲ್ವಿಗೆ ಬಿಳಿ, ಟ್ಯಾಪ್ ಚೇಂಜರಿನ ವಾಲ್ವಿಗೆ ಕೆಂಪು. ಪೇಂಟರ್ ಕರೆಸುವ ಹಾಗಿಲ್ಲ, ನಾನೇ ಬಳಿಯಬೇಕು. ಎರಡು ತಿಂಗಳು ನನ್ನ ಉಗುರಲ್ಲಿ ಕೆಂಪು ಬಣ್ಣವಿತ್ತು. ಮದುವೆಗೆ ನೋಡಲು ಬಂದ ಹುಡುಗನ ತಾಯಿ ಅದನ್ನು ನೇಲ್ ಪಾಲಿಶ್ ಎಂದುಕೊಂಡರು.

ಮುಂದಿನ ವರ್ಷದ ಬೇಸಗೆ. ಮೇ ತಿಂಗಳ ವರದಿಯಲ್ಲಿ ಅದೇ ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿ ಅಸಿಟಿಲೀನ್ ಸುಳಿವು ಕಾಣಿಸಿತು. ತೀರ ಸ್ವಲ್ಪ. ಮೇಡಂ ಏನೂ ಹೇಳಲಿಲ್ಲ. ವಾರಕ್ಕೊಮ್ಮೆ ಎಣ್ಣೆ ತೆಗೆಯಲು ಹೇಳಿದರು. ಬಿಳಿ ವಾಲ್ವಿನಿಂದ ನಾನು ತೆಗೆಯುತ್ತಿದ್ದೆ, ಅವರು ಪಕ್ಕದಲ್ಲೇ ನಿಲ್ಲುತ್ತಿದ್ದರು. ಪ್ರತಿ ವಾರ ಸ್ವಲ್ಪ ಸ್ವಲ್ಪ ಏರಿತು. ನಾಲ್ಕನೆಯ ವಾರ ಒಂದೇ ಸಲ ಜಿಗಿಯಿತು. ಎರಡು ಸಿರಿಂಜು, ಎರಡು ಬೇರೆ ಬೇರೆ ಪ್ರಯೋಗಾಲಯ, ಎರಡೂ ಕಡೆ ಒಂದೇ ಮಾತು.

ಹೊರಗೆ ಜೂನ್ ತಿಂಗಳ ಬಿಸಿಗಾಳಿ, ಲೂ, ಬೀಸುತ್ತಿತ್ತು. ದಿಲ್ಲಿಯ ಪ್ರತಿಯೊಂದು ಕೂಲರು, ಏಸಿ ಓಡುತ್ತಿದ್ದ ಕಾಲ. ನಿಲ್ಲಿಸಬಾರದ ಹೊತ್ತು ಎಂದರೆ ಅದೇ.

ಚೀಫ್ ಸಾಹೇಬರು ಕೆಟ್ಟ ಮನುಷ್ಯರಲ್ಲ. ದಣಿದಿದ್ದರು. ನಾವು ಒಯ್ದ ವರದಿಯನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಫಿರ್ ಸೇ?"

"ಜೀ ಸರ್, ಮತ್ತೆ."

"ಹೋದ ಸಲ ನಾನು ನಿಮಗಾಗಿ ಮೇಲಿನವರ ಬೈಗುಳ ತಿಂದಿದ್ದೇನೆ. ಆರು ವಾರ ತಡೆಯಿರಿ. ಮಳೆ ಬಂದ ಮೇಲೆ ನಿಲ್ಲಿಸಿ."

"ಆರು ವಾರ ಅದು ತಡೆಯುತ್ತೆ ಅಂತ ನನಗೆ ನಂಬಿಕೆ ಇಲ್ಲ ಸರ್. ಸಿಡಿದರೆ ಬೆಂಕಿ. ಆಪರೇಟರ್ ಕೋಣೆ ಇರೋದು ಅದರಿಂದ ಹದಿನೈದು ಹೆಜ್ಜೆ ದೂರದಲ್ಲಿ."

"ಈ ಸಲವೂ ತಪ್ಪಾದರೆ? ನಿಮಗೆ ಇನ್ನು ಐದು ವರ್ಷ ಸರ್ವೀಸ್ ಇದೆ."

ಮೇಡಂ ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಅವರ ಮುಂದಿಟ್ಟರು. "ಹಾಗಾದರೆ ಚಾಲೂ ಇಡಿ ಅಂತ ಒಂದು ಸಾಲು ಬರೆದುಕೊಡಿ ಸರ್. ಇಡ್ತೀನಿ."

ಚೀಫ್ ಸಾಹೇಬರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಪೆನ್ನು ಮುಟ್ಟಲಿಲ್ಲ. ಮೇಡಂ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ನಿಲ್ಲಿಸುತ್ತಿದ್ದೇನೆ ಎಂದು ಬರೆದು, ಸಹಿ ಹಾಕಿ, ಒಂದು ಪ್ರತಿಯನ್ನು ಅವರ ಮೇಜಿನ ಮೇಲಿಟ್ಟು ಎದ್ದರು. ಹೊರಗೆ ಬಂದಾಗ ಅವರ ಕೈ ತಣ್ಣಗಿತ್ತು. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡದ್ದರಿಂದ ಗೊತ್ತಾಯಿತು.

ಎಣ್ಣೆ ಹೊರಗೆ ತೆಗೆದು, ಒಣ ಗಾಳಿ ತುಂಬಿ, ಒಳಗೆ ಉಸಿರಾಡಬಹುದು ಎಂದು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಎರಡು ದಿನ ಹೋಯಿತು. ಗೇಟಿನ ಹೊರಗೆ ಕಾರ್ಖಾನೆಯವರು ಬಂದು ಕೂತರು. ಮೂರನೆಯ ದಿನ ಬೆಳಿಗ್ಗೆ ರಾಮ್‌ಫಲ್ ಮೇಲಿನ ಕಿಂಡಿಯಿಂದ ತೊಟ್ಟಿಯೊಳಗೆ ಇಳಿದ. ಸಣ್ಣ ಮೈಕಟ್ಟಿನವನು, ಇಂಥ ಕೆಲಸದಲ್ಲಿ ಪಳಗಿದವನು. ಒಂದು ಗಂಟೆ ಹುಡುಕಿ, ಬೆವರಿನಲ್ಲಿ ತೊಯ್ದು ಮೇಲೆ ಬಂದ. ಮೇಡಂ ಮುಖ ನೋಡಲಾರದೆ, ಏನೂ ಸಿಗಲಿಲ್ಲ ಎಂದು ನನಗೆ ಹೇಳಿದ: "ಕುಛ್ ನಹೀಂ ಹೈ. ಸಬ್ ಸಾಫ್ ಹೈ."

ಚೀಫ್ ಸಾಹೇಬರ ಫೋನು ಅದೇ ಹೊತ್ತಿಗೆ ಬಂತು. ಮೇಡಂ "ನೋಡ್ತಾ ಇದ್ದೇವೆ ಸರ್" ಎಂದಷ್ಟೇ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ತಮ್ಮ ಕೈಬಳೆ ತೆಗೆಯತೊಡಗಿದರು.

ತೊಟ್ಟಿಯೊಳಗೆ ಹೋಗುವವರ ಮೈಮೇಲೆ ಬೀಳುವಂಥದ್ದು ಏನೂ ಇರಬಾರದು. ಒಂದು ಪಿನ್ನು ಒಳಗೆ ಉಳಿದರೂ ಟ್ರಾನ್ಸ್‌ಫಾರ್ಮರ್ ಹೋಯಿತು. ಅವರು ಒಂದೊಂದಾಗಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಬಳೆ ನಾಲ್ಕು, ಓಲೆ ಎರಡು, ಮೂಗುಬಟ್ಟು, ಹೇರ್‌ಪಿನ್ ಆರು, ಗಡಿಯಾರ, ಕಾಲುಂಗುರ. ನಾನು ಎಲ್ಲವನ್ನೂ ಪಟ್ಟಿ ಮಾಡಿದೆ. ಕೊನೆಗೆ ತಾಳಿ ತೆಗೆದಾಗ ರಾಮ್‌ಫಲ್ ಮುಖ ಆಚೆ ತಿರುಗಿಸಿದ. "ಮೇಡಂ, ನಾನೇ ಇನ್ನೊಂದು ಸಲ ಹೋಗ್ತೀನಿ" ಎಂದ.

"ನೀನು ಕಣ್ಣಿಂದ ನೋಡಿದೀಯ ರಾಮ್‌ಫಲ್. ನಾನು ಕೈಯಿಂದ ನೋಡ್ತೀನಿ."

ಮೈಪೂರ್ತಿ ಮುಚ್ಚುವ ಜೇಬಿಲ್ಲದ ಡಾಂಗ್ರಿ ತೊಟ್ಟು, ಕೂದಲಿಗೆ ಬಟ್ಟೆ ಬಿಗಿದು, ಟಾರ್ಚನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಏಣಿ ಹತ್ತಿದರು. ಐವತ್ತೈದು ವರ್ಷ, ಮಂಡಿ ನೋವು. ಕಿಂಡಿಯಲ್ಲಿ ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ತಲೆ ಮಾಯವಾಯಿತು. ನಾನು ಕಿಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತೆ. ಎರಡು ನಿಮಿಷಕ್ಕೊಮ್ಮೆ ಮಾತಾಡಿಸಬೇಕು, ಉತ್ತರ ಬರದಿದ್ದರೆ ಎಳೆದುಕೊಳ್ಳಬೇಕು ಎಂದು ಹೇಳಿದ್ದರು.

"ಮೇಡಂ?"

"ಇದೀನಿ."

"ಮೇಡಂ?"

"ಇದೀನಿ ಕಣೇ. ಸೆಖೆ ಅಷ್ಟೇ."

ನಲವತ್ತು ನಿಮಿಷವಾಗಿರಬೇಕು. ನಾನು ಕರೆದಾಗ ಉತ್ತರ ಬರಲಿಲ್ಲ. ಗಾಬರಿಯಿಂದ "ಆಂಟಿ!" ಎಂದು ಕೂಗಿಬಿಟ್ಟೆ. ಗೇಟಿನೊಳಗೆ ನಾನು ಅವರನ್ನು ಹಾಗೆ ಕರೆದದ್ದು ಅದೊಂದೇ ಸಲ.

"ಸುಮ್ಮನಿರು, ಇಲ್ಲಿ ಹಪ್ಪಳ ಸಿಕ್ಕಿದೆ" ಎಂದಿತು ಒಳಗಿನ ದನಿ.

ತಂತಿಗೆ ಸುತ್ತಿದ ಕಾಗದ ಎಣ್ಣೆ ಕುಡಿದು ಮೆತ್ತಗಿರಬೇಕು. ಒಂದೊಂದೇ ತಂತಿಯನ್ನು ಸವರುತ್ತಾ ಹೋದ ಅವರ ಬೆರಳಿಗೆ ಒಂದು ಕಡೆ ಅದು ಹಪ್ಪಳದ ಹಾಗೆ ಗರಿಗರಿಯಾಗಿ ತಾಕಿತ್ತು. ಹೊರಗಿನ ಪದರ ಎಲ್ಲದರ ಹಾಗೆಯೇ ಇತ್ತು, ಆದ್ದರಿಂದ ಕಣ್ಣಿಗೆ ಕಾಣಲಿಲ್ಲ. ಕೆಳಗಿನಿಂದ ಚಾಕು ಕೇಳಿದರು. ಅದನ್ನೂ ಪಟ್ಟಿಗೆ ಸೇರಿಸಿ, ದಾರ ಕಟ್ಟಿ ಇಳಿಸಿದೆ. ಸ್ವಲ್ಪ ಹೊತ್ತಿಗೆ ಕಿಂಡಿಯಿಂದ ಒಂದು ಕೈ ಮೇಲೆ ಬಂತು. ಕೈಯಲ್ಲಿ ಇದ್ದಿಲಿನಂಥ ಕಾಗದ. ಒಳಗೆ ಬೆಸುಗೆ ಕರಗಿ, ತಾಮ್ರದ ಎಳೆಗಳು ತುಂಡಾಗಿದ್ದವು. ಉಳಿದ ಎಳೆಗಳ ಮೇಲೆ ಓಖ್ಲಾ ನಡೆಯುತ್ತಿತ್ತು. ಇನ್ನೊಂದು ವಾರವೂ ಅದು ತಾಳುತ್ತಿರಲಿಲ್ಲ.

ಅವರು ಹೊರಗೆ ಬಂದು ಏಣಿಯ ಕೆಳಗೆ ಕೂತು ನೀರು ಕುಡಿದರು. ಮುಖ, ಕತ್ತು ಎಲ್ಲ ಎಣ್ಣೆ. ಮೊದಲು ಆಡಿದ ಮಾತು, "ರಾಮ್‌ಫಲ್ ತಪ್ಪಿಲ್ಲ ಅಂತ ಬರ್ಕೋ. ಕಣ್ಣಿಗೆ ಕಾಣೋ ಹಾಗಿರಲಿಲ್ಲ." ಎರಡನೆಯದು, "ಹೇರ್‌ಪಿನ್ ಎಣಿಸು."

ಸಂಜೆ ಚೀಫ್ ಸಾಹೇಬರು ತಾವೇ ಬಂದರು. ಸುಟ್ಟ ಕಾಗದವನ್ನು ಬೆರಳಿನಲ್ಲಿ ಮುಟ್ಟಿದರು, ಅದು ಪುಡಿಯಾಯಿತು. ಆಪರೇಟರ್ ಕೋಣೆಯ ಕಡೆಗೊಮ್ಮೆ ನೋಡಿದರು. ಒಳಗೆ ಇಬ್ಬರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. "ಮೇಡಂ, ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ನಿಲ್ಲಿಸುತ್ತಿರಲಿಲ್ಲ" ಎಂದರು.

"ನನಗೂ ಹೆದರಿಕೆ ಆಗಿತ್ತು ಸರ್" ಎಂದರು ಮೇಡಂ. "ಹೋದ ಸಲಕ್ಕಿಂತ ಜಾಸ್ತಿ."

ಬಡ್ತಿ ಆಮೇಲೂ ಬರಲಿಲ್ಲ. ಅದೇ ಹುದ್ದೆಯಲ್ಲಿ ನಿವೃತ್ತರಾದರು. ಆದರೆ 'ಗ್ಯಾಸ್ ಮೇಡಂ' ಎಂಬ ಹೆಸರು ಮಾತ್ರ ಉಳಿಯಿತು. ಅದನ್ನು ಹೇಳುವ ದನಿ ಬದಲಾಯಿತು. ಬೇರೆ ಸಬ್‌ಸ್ಟೇಷನ್ನಿನವರು ಫೋನ್ ಮಾಡಿ, "ಗ್ಯಾಸ್ ಮೇಡಂಗೆ ಒಂದು ಸಲ ಈ ವರದಿ ತೋರಿಸಿ, ಅವರು ಸರಿ ಅಂದರೆ ಸರಿ" ಎನ್ನುತ್ತಿದ್ದರು.

ಹೊಸ ಬೆಸುಗೆ, ಹೊಸ ಕಾಗದ, ಸೋಸಿದ ಎಣ್ಣೆ, ಪರೀಕ್ಷೆಗಳು. ಎಂಟನೆಯ ದಿನ ಟ್ರಾನ್ಸ್‌ಫಾರ್ಮರ್ ಸಿದ್ಧವಾಯಿತು. ಬೆಳಿಗ್ಗೆ ಕಾರ್ಖಾನೆಗಳಿಗೆ ಕರೆಂಟು ಬಿಡದೆ ಬರೀ ವೋಲ್ಟೇಜು ಕೊಟ್ಟು ಗಂಟೆಗಟ್ಟಲೆ ಕಾದರು. ಮೇಡಂ ಅದರ ಗುಂಯ್‌ಗುಟ್ಟುವಿಕೆಯನ್ನು ಕೇಳುತ್ತಾ ಒಂದು ಸ್ಟೂಲಿನ ಮೇಲೆ ಕೂತಿದ್ದರು, ಮೊಸರನ್ನ ಅಲ್ಲೇ ತಿಂದರು. ಮಧ್ಯಾಹ್ನ ನಾಲ್ಕಕ್ಕೆ, "ಚಲೋ, ಇನ್ನು ಲೋಡ್ ಹಾಕು" ಎಂದು ನನಗೆ ಹೇಳಿದರು. ನಾನು ಸ್ವಿಚ್ ತಿರುಗಿಸಿದೆ. ಕರೆಂಟು ಹರಿಯಬಿಡುವ ಬ್ರೇಕರ್ ಧಡ್ ಎಂದು ಕೂತಿತು.

ಕಾಂಪೌಂಡ್ ಗೋಡೆಯ ಆಚೆ ಒಂದು ಸಿದ್ಧ ಉಡುಪಿನ ಕಾರ್ಖಾನೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಂದು ಹೊಲಿಗೆ ಮೆಷಿನ್ನು, ಮತ್ತೆರಡು, ಆಮೇಲೆ ಎಲ್ಲ ಒಟ್ಟಿಗೆ. ದರ್ಜಿಗಳು ಸಿಳ್ಳೆ ಹಾಕಿ ಚಪ್ಪಾಳೆ ತಟ್ಟಿದರು. ಬಿಸಿಲಿಗೆ ಕಾದ ಗೋಡೆಯ ಈಚೆ, ಐದಡಿಗೂ ಕಡಿಮೆ ಎತ್ತರದ ಒಬ್ಬ ಹೆಂಗಸು ನಿಂತಿದ್ದಾರೆ ಎನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ನನಗೆ ತಡೆಯಲಾಗಲಿಲ್ಲ. "ಮೇಡಂ, ಹೋಗಿ ಅವರಿಗೆ ಹೇಳಿ ಬರಲಾ, ಯಾರು ಮಾಡಿದ್ದು ಅಂತ?"

"ಬೇಡ. ಕೇಳು" ಎಂದರು. ಕಣ್ಣು ಮುಚ್ಚಿ, ಕತ್ತು ಒಂದು ಬದಿಗೆ ವಾಲಿಸಿ ನಿಂತಿದ್ದರು. "ಎಷ್ಟು ಮೆಷಿನ್ ಇರಬಹುದು?"

"ಇನ್ನೂರು?"

"ಮುನ್ನೂರಕ್ಕೆ ಕಡಿಮೆ ಇಲ್ಲ" ಎಂದರು. ಅಷ್ಟನ್ನೂ ತಾವೇ ಸಾಕಿ ಬೆಳೆಸಿದವರ ಹಾಗಿತ್ತು ಆ ದನಿ.